ಇಳಿಜಾರಲ್ಲಿ ಬಿದ್ದ ಮಗ, ಹೊಟ್ಟೆ ಮೇಲೆ ಉರುಟು ಗುರುತು

ಪ್ರಶ್ನೆ (ಒಬ್ಬ ತಾಯಿ, ಮಂಗಳೂರು): ಡಾಕ್ಟ್ರೇ, ನಮಸ್ಕಾರ. ನಿನ್ನೆ ಸಂಜೆ ಕದ್ರಿಯ ಇಳಿಜಾರಲ್ಲಿ 9 ವರ್ಷದ ಮಗ ಸೈಕಲಿಂದ ಬಿದ್ದ. ಮೊಣಕಾಲು ತರಚಿದೆ, ಹೊಕ್ಕುಳಿನ ಮೇಲೆ ರೂಪಾಯಿಯಷ್ಟಗಲ ಕೆಂಪು ಗುರುತು ಉಂಟು. ರಾತ್ರಿ ಚೆನ್ನಾಗಿ ಆಡಿದ. ಬೆಳಿಗ್ಗೆ ದೋಸೆ ಬೇಡ ಅಂದ, ಒಮ್ಮೆ ವಾಂತಿ ಆಯ್ತು. ರಾಯಚೂರಲ್ಲಿ ಅಕ್ಕನ ಮಕ್ಕಳು ದಿನವಿಡೀ ಸೈಕಲ್ ತುಳಿಯುತ್ತಾರೆ, ಅವರಿಗೆ ಹೀಗೆ ಆದದ್ದಿಲ್ಲ. ಊರಿಂದ ಊರಿಗೆ ವ್ಯತ್ಯಾಸ ಉಂಟಾ?

ಉತ್ತರ (ಮಕ್ಕಳ ಸರ್ಜನ್): ಅಮ್ಮಾ, ಮೊದಲು ಹೊರಡಿ. ಸ್ಕ್ಯಾನಿಂಗ್ ಮತ್ತು ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ, ಈಗಲೇ. ಅಲ್ಲಿಯವರೆಗೆ ನೀರೂ ಕೊಡಬೇಡಿ. ಅದು ಹ್ಯಾಂಡಲ್ ತುದಿಯ ಗುರುತು. ಮುಂದಿನ ಚಕ್ರ ತಿರುಚಿಕೊಂಡಾಗ ಆ ತುದಿ ಹೊಟ್ಟೆಗೆ ನೇರ ನಿಲ್ಲುತ್ತದೆ, ಮಗುವಿನ ಭಾರವೆಲ್ಲ ಅದರ ಮೇಲೆ. ಹಿಂದೆ ಬೆನ್ನುಮೂಳೆ, ನಡುವೆ ಸಿಕ್ಕಿ ಜಜ್ಜುವುದು ಮೇದೋಜೀರಕ ಗ್ರಂಥಿ ಇಲ್ಲವೇ ಸಣ್ಣ ಕರುಳು. ಹೊರಗೆ ಏನೂ ಕಾಣದೆ ಒಂದೆರಡು ದಿನ ಬಿಟ್ಟು ವಾಂತಿ, ನೋವು ಶುರುವಾಗುವುದುಂಟು. ‘ಹ್ಯಾಂಡಲ್ ತಾಗಿದೆ’ ಅಂತ ಅಲ್ಲಿಯ ಡಾಕ್ಟ್ರಿಗೆ ಮರೆಯದೆ ಹೇಳಿ.

ತಾಯಿ (ರಾತ್ರಿ): ಅಡ್ಮಿಟ್ ಮಾಡಿದ್ದಾರೆ. ಮೇದೋಜೀರಕದಲ್ಲಿ ಊತ ಉಂಟಂತೆ. ಸದ್ಯಕ್ಕೆ ಆಪರೇಷನ್ ಬೇಡ, ಡ್ರಿಪ್ ಹಾಕಿದ್ದಾರೆ. ನೀವು ಹೇಳದಿದ್ದರೆ ಗಂಜಿ ಕುಡಿಸಿ ಮಲಗಿಸುತ್ತಿದ್ದೆ.

ಉತ್ತರ: ಸದ್ಯ ಸರಿಯಾದ ಜಾಗದಲ್ಲಿದ್ದಾನೆ. ಇನ್ನು ನಿಮ್ಮ ಪ್ರಶ್ನೆ. ವ್ಯತ್ಯಾಸ ಖಂಡಿತ ಉಂಟು. ನಾನು ರಾಯಚೂರು ಕಡೆ ಇದ್ದಾಗ ಹೆಚ್ಚಾಗಿ ಹೊಲಿದದ್ದು ಹಿಮ್ಮಡಿ. ಸಪಾಟು ನೆಲ, ದೂರದ ಶಾಲೆ. 2006-07ರಿಂದ ಸರ್ಕಾರ 8ನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಕ್ಯಾರಿಯರಿನಲ್ಲಿ ತಮ್ಮನೋ ತಂಗಿಯೋ ಇದ್ದೇ ಇರುತ್ತಿದ್ದರು. ನೇತಾಡುವ ಕಾಲು ಚಕ್ರದ ಕಡ್ಡಿಗೆ ಸಿಕ್ಕರೆ ಮೊದಲ ದಿನ ಗೀರಿದಂತೆ ಕಾಣುತ್ತದೆ, ಮೂರನೇ ದಿನ ಚರ್ಮ ಕಪ್ಪಾಗುತ್ತದೆ. ಇಲ್ಲಿ ನನ್ನ ಬಳಿ ಬರುವುದು ಇಳಿಜಾರಲ್ಲಿ ಬಿದ್ದ ಮಕ್ಕಳು: ತಲೆ, ಮೊಣಕೈ, ಹೊಟ್ಟೆ. ಮಳೆಗಾಲದಲ್ಲಂತೂ ಒದ್ದೆ ರಿಮ್ಮಿಗೆ ಬ್ರೇಕ್ ರಬ್ಬರ್ ಹಿಡಿಯುವುದಿಲ್ಲ, ಪಾಚಿ ಹಿಡಿದ ಕಾಂಕ್ರೀಟಿನಲ್ಲಿ ಚಕ್ರ ಜಾರುತ್ತದೆ.

ಒಬ್ಬ ತಂದೆ (ಮಣಿಪಾಲ): ನಮ್ಮ ಮನೆಯೂ ಗುಡ್ಡೆ ಮೇಲೆ ಸರ್. ಹೆಲ್ಮೆಟ್ ಕೊಡಿಸಿದ್ದೇನೆ, ಸಾಕಾ?

ಉತ್ತರ: ತಲೆಗೆ ಸಾಕು, ಪಟ್ಟಿ ಬಿಗಿಯಾಗಿದ್ದರೆ. ಹೊಟ್ಟೆಗೆ ಅಲ್ಲ. ಹ್ಯಾಂಡಲ್ ತುದಿಯ ರಬ್ಬರ್ ಹರಿದು ಪೈಪ್ ಕಾಣುತ್ತಿದೆಯಾ, ಈಗಲೇ ಹೋಗಿ ನೋಡಿ. ಕಂಡರೆ ಹೊಸ ಗ್ರಿಪ್ ಹಾಕಿಸುವವರೆಗೆ ಸೈಕಲ್ ಕೊಡಬೇಡಿ.