ಹಿತ್ತಲಿನ ಮರಗಳಿಗೆ ಬ್ಯಾಟರಿ ಚೈನ್ ಸಾ ಒಳ್ಳೆಯದೋ, ಪೆಟ್ರೋಲಿನದೋ? ಅನುಭವವಿದ್ದವರು ತಿಳಿಸಿರಿ

ಕೇಳಿದವರು: ಧಾರವಾಡ, ಕೆಲಗೇರಿ ರಸ್ತೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದಿನ ಹತ್ತು ಗುಂಟೆ ಜಾಗದಲ್ಲಿ ಎರಡು ಆಪೂಸು ಮಾವು, ಒಂದು ಹಳೆಯ ಬೇವು, ನಾಲ್ಕು ತೆಂಗು ಮತ್ತು ಬೇಲಿಗುಂಟ ಸುಬಾಬುಲ್ ಇವೆ. ಮೇ ತಿಂಗಳ ಗಾಳಿಮಳೆಗೆ ಬೇವಿನ ದೊಡ್ಡ ಟೊಂಗೆಯೊಂದು ಅರ್ಧ ಸೀಳಿದೆ. ಅದರ ಒಂದು ತುದಿ ಇನ್ನೂ ಬೊಡ್ಡೆಗೆ ಹತ್ತಿಕೊಂಡಿದೆ, ಇನ್ನೊಂದು ತುದಿ ಕಂಪೌಂಡ್ ಗೋಡೆಯ ಮೇಲೆ ಒರಗಿದೆ. ಕಡಿಯುವವರು ಇಬ್ಬರು ಆಳಿಗೆ ದಿನಕ್ಕೆ 2,400 ರೂಪಾಯಿ ಕೇಳುತ್ತಾರೆ, ಕಟ್ಟಿಗೆಯೂ ತಮಗೇ ಬೇಕೆನ್ನುತ್ತಾರೆ. ಪ್ರತಿ ಮಳೆಗಾಲಕ್ಕೂ ಇದೇ ಗೋಳಾಗಿರುವುದರಿಂದ ಒಂದು ಚೈನ್ ಸಾ ಕೊಳ್ಳೋಣವೆಂದಿದ್ದೇವೆ. ನಮ್ಮ ಯಜಮಾನರಿಗೆ ಅರವತ್ತೆರಡು ವರ್ಷ, ಬಲ ಭುಜದ ನೋವಿದೆ. 15,000 ರೂಪಾಯಿಯೊಳಗೆ ಯಾವುದನ್ನು ಕೊಳ್ಳಬೇಕೆಂದು ದಯವಿಟ್ಟು ತಿಳಿಸಿರಿ.

ಮಾವಿನ ಬೆಳೆಗಾರ, ಹಾನಗಲ್ ತಾಲ್ಲೂಕು

ಅಕ್ಕಾವರೇ, ಕಣ್ಣು ಮುಚ್ಚಿ ಪೆಟ್ರೋಲಿನದನ್ನೇ ತೆಗೆದುಕೊಳ್ಳಿರಿ. ನಮ್ಮದು ಅಜ್ಜನ ಕಾಲದ ಆಪೂಸಿನ ತೋಟ. ಟೊಂಗೆಗಳು ಒಂದಕ್ಕೊಂದು ಹೆಣೆದುಕೊಂಡು, ಒಳಗೆ ಬಿಸಿಲು ಇಳಿಯದೆ, ಕಾಯಿ ಬರೀ ತುದಿಯಲ್ಲಿ ಹಿಡಿಯುತ್ತಿತ್ತು. ಕೊಯ್ಲು ಮುಗಿದ ಮೇಲೆ ಮರದ ನಡುವಿನ ಟೊಂಗೆಗಳನ್ನು ತೆಗೆದು ನೆತ್ತಿ ತೆರೆಯುವ ಕೆಲಸ ಹಿಡಿದಾಗ 52 ಸಿಸಿಯ, 18 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಇರುವ ಮಷೀನನ್ನು 8,200 ರೂಪಾಯಿಗೆ ತಂದೆ. ಮೊದಲ ಹಂಗಾಮಿನಲ್ಲಿ ಎರಡು ಚೈನಿಗೆ 1,300, ಬಾರಿಗೆ 900, ಸ್ಟಾರ್ಟರಿನ ಹಗ್ಗ ಮತ್ತು ಸ್ಪ್ರಿಂಗಿಗೆ 350, ಎಲ್ಲ ಸೇರಿ ಮಷೀನಿನ ಬೆಲೆಯೊಂದಿಗೆ 10,750 ರೂಪಾಯಿ ಹೋಯಿತು. ಎಣ್ಣೆ ಪೆಟ್ರೋಲಿನ ಖರ್ಚು ಬೇರೆ. ಅದೇ ಕೆಲಸವನ್ನು ಕೂಲಿಗೆ ಕೊಟ್ಟಿದ್ದರೆ ಮೂವತ್ತು ಸಾವಿರಕ್ಕೆ ಕಡಿಮೆ ಆಗುತ್ತಿರಲಿಲ್ಲ.

ಲೀಟರ್ ಪೆಟ್ರೋಲಿಗೆ ನಾನು 40 ಮಿಲಿಲೀಟರ್ ಟು-ಟಿ ಎಣ್ಣೆ (ಟು-ಸ್ಟ್ರೋಕ್ ಎಂಜಿನ್ನಿಗಾಗಿ ಪೆಟ್ರೋಲಿನಲ್ಲಿಯೇ ಬೆರೆಸುವ ಎಣ್ಣೆ) ಹಾಕುತ್ತೇನೆ. ಹೊಗೆ ಸ್ವಲ್ಪ ಹೆಚ್ಚು ಬರುತ್ತದೆ, ಆದರೆ ಪಿಸ್ಟನ್ ಇಂದಿಗೂ ಹೊಸದಿದ್ದಂತೆ ಇದೆ. ತೊಡೆ ಗಾತ್ರದ ಮಾವಿನ ಟೊಂಗೆಯನ್ನು ಅದು ನಿಲ್ಲದೆ ಇಳಿಸುತ್ತದೆ. ಕೊಯ್ದ ಗಾಯ ಸ್ವಲ್ಪ ಓರೆಯಾಗಿರಬೇಕು, ನೀರು ನಿಂತರೆ ಕೊಳೆ ಇಳಿಯುತ್ತದೆ. ಅದೇ ದಿನ ಬೋರ್ಡೋ ಮುಲಾಮು (ಮೈಲುತುತ್ತು ಮತ್ತು ಸುಣ್ಣದ್ದು) ಬಳಿಯಬೇಕು. ಬ್ಯಾಟರಿಯ ಮಷೀನಿನಿಂದ ನುಗ್ಗೆಮರವನ್ನು ಕೊಯ್ಯಬಹುದು, ಅಷ್ಟೇ.

ಹುಬ್ಬಳ್ಳಿ, ವಿದ್ಯಾನಗರ

ತೋಟದ ಲೆಕ್ಕವನ್ನು ಹಿತ್ತಲಿಗೆ ಹಚ್ಚಬಾರದು. ನಮ್ಮ ಮನೆಯಲ್ಲಿಯೂ ಮೊದಲು ಪೆಟ್ರೋಲಿನ ಮಷೀನೇ ಇತ್ತು. ವರ್ಷಕ್ಕೆ ಒಂದೆರಡು ಸಲ ಹೊರಗೆ ಬರುವ ಮಷೀನು ಪ್ರತಿ ಸಲವೂ ಚಾಲೂ ಆಗಲು ಸತಾಯಿಸುತ್ತಿತ್ತು, ಹಗ್ಗ ಎಳೆದೆಳೆದು ಕೊಯ್ಯುವ ಮೊದಲೇ ತೋಳು ಸೋತುಹೋಗುತ್ತಿತ್ತು. ಕಾರ್ಬೊರೇಟರ್ ತೊಳೆಸಲು 450, ಡಯಾಫ್ರಾಮ್ ಕಿಟ್ಟಿಗೆ 300, ಮರುವರ್ಷ ಕಾರ್ಬೊರೇಟರನ್ನೇ ಬದಲಿಸಲು 1,150, ಹೀಗೆ ಒಂದು ಮರವನ್ನೂ ಪೂರ್ತಿ ಕೊಯ್ಯದೆ 1,900 ರೂಪಾಯಿ ತೆತ್ತೆ. ಬಂಕಿನವರು ಬಾಟಲಿಗೆ ಪೆಟ್ರೋಲ್ ಹಾಕಲು ಒಪ್ಪುವುದಿಲ್ಲ, ಆದ್ದರಿಂದ ಸ್ಕೂಟರಿನ ಟಾಕಿಯಿಂದ ನಳಿಕೆ ಹಚ್ಚಿ ತೆಗೆಯಬೇಕು. ಕೊನೆಗೆ ಅದನ್ನು 3,000ಕ್ಕೆ ಕೊಟ್ಟು, 36 ವೋಲ್ಟಿನ, 12 ಇಂಚಿನ ಬಾರ್ ಇರುವ ಬ್ಯಾಟರಿ ಮಷೀನನ್ನು ಚಾರ್ಜರ್ ಸಹಿತ 23,500 ರೂಪಾಯಿಗೆ ತಂದೆ. ಅಂದಿನಿಂದ ರಿಪೇರಿಯವರ ಬಾಗಿಲು ತುಳಿದಿಲ್ಲ.

ಬ್ಯಾಟರಿ 4 ಆಂಪಿಯರ್-ಅವರ್ ಇದೆ, ಅಂದರೆ 36ನ್ನು 4ರಿಂದ ಗುಣಿಸಿದರೆ 144 ವ್ಯಾಟ್-ಅವರ್. ಎಡೆಬಿಡದೆ ದಪ್ಪ ಕಟ್ಟಿಗೆ ಕೊಯ್ದರೆ ಅದು ಹತ್ತು ನಿಮಿಷವೂ ಬಾರದೆಂಬುದು ನಿಜ. ಆದರೆ ಹಿತ್ತಲಿನಲ್ಲಿ ಯಾರೂ ಎಡೆಬಿಡದೆ ಕೊಯ್ಯುವುದಿಲ್ಲ. ಒಂದು ಟೊಂಗೆ ಕೊಯ್ದು, ಎಳೆದು ಬದಿಗಿಟ್ಟು, ಸೊಪ್ಪು ಸವರಿ, ಆಮೇಲೆ ಮುಂದಿನದಕ್ಕೆ ಹೋಗುತ್ತೇವೆ. ಆ ನಡುವಿನ ಹೊತ್ತಿನಲ್ಲಿ ಪೆಟ್ರೋಲಿನ ಮಷೀನು ಸುಮ್ಮನೆ ಪೆಟ್ರೋಲ್ ಸುಡುತ್ತ ಊರಿಗೆಲ್ಲ ಕೇಳುವಂತೆ ಕೂಗುತ್ತಿರುತ್ತದೆ, ನನ್ನದು ಸುಮ್ಮನಿರುತ್ತದೆ. ಪಕ್ಕದ ಮನೆಯಲ್ಲಿ ಹಸುಗೂಸಿದ್ದ ಕಾಲದಲ್ಲಿಯೂ ನಾನು ಭಾನುವಾರ ಮಧ್ಯಾಹ್ನ ಕೊಯ್ದಿದ್ದೇನೆ, ಯಾರೂ ಒಂದು ಮಾತು ಆಡಲಿಲ್ಲ.

ಗದಗ, ಬೆಟಗೇರಿ

ಗುಂಡಿ ಒತ್ತಿದರೆ ಓಡುವ ಸುಖವೆಲ್ಲ ಬ್ಯಾಟರಿ ಬದುಕಿರುವವರೆಗೆ ಮಾತ್ರ. ನಾನು 21 ವೋಲ್ಟ್ ಎಂದು ಬರೆದಿದ್ದ ಮಷೀನನ್ನು 11,400 ರೂಪಾಯಿ ಕೊಟ್ಟು ತಂದವನು. ನಮ್ಮ ಹೊಲದ ಬದುವಿನ ಮೇಲೆ ಒಣಗಿ ನಿಂತ ಕರಿಜಾಲಿ ಇದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಆ ಕಟ್ಟಿಗೆಗೆ ಹಚ್ಚಿದರೆ ಬ್ಯಾಟರಿ ಮುಟ್ಟಲಾಗದಷ್ಟು ಕಾಯುತ್ತಿತ್ತು. ಕಾದ ಬ್ಯಾಟರಿಯನ್ನು ಚಾರ್ಜರ್ ಒಪ್ಪುವುದಿಲ್ಲ, ಕೆಂಪು ದೀಪ ಮಿಣುಕಿಸುತ್ತ ಕೂಡುತ್ತದೆ. ಅದು ತಣ್ಣಗಾಗಲು ಒಂದು ತಾಸು, ಚಾರ್ಜ್ ಆಗಲು ಇನ್ನೊಂದೂವರೆ ತಾಸು, ಅಷ್ಟರಲ್ಲಿ ಲೈಟು ಹೋದರೆ ಆ ದಿನದ ಕೆಲಸವೇ ಹೋಯಿತು. ಎರಡನೆಯ ಬೇಸಿಗೆಗೆ ಬ್ಯಾಟರಿ ಸತ್ತಿತು. ಅಂಗಡಿಯವರು ಮಷೀನಿಗೆ ಗ್ಯಾರಂಟಿ ಇದೆ, ಬ್ಯಾಟರಿಗೆ ಆರೇ ತಿಂಗಳು ಎಂದರು. ಹೊಸ ಬ್ಯಾಟರಿಗೆ 5,800 ಎಂದು ಹೇಳಿ ಒಂದು ತಿಂಗಳು ಕಾಯಿಸಿ, ಆ ಮಾಡೆಲ್ ಈಗ ಬರುವುದಿಲ್ಲ ಎಂದರು.

ಕೊನೆಗೆ ಹುಬ್ಬಳ್ಳಿಯಲ್ಲಿ ಇಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ರಿಪೇರಿ ಮಾಡುವವರ ಬಳಿ ಒಯ್ದು ನನ್ನ ಕಣ್ಣೆದುರೇ ಬಿಚ್ಚಿಸಿದೆ. ಒಳಗೆ ಹತ್ತು ಸೆಲ್ಲುಗಳು ಇದ್ದವು: ಎರಡೆರಡರ ಜೋಡಿ ಮಾಡಿ, ಅಂಥ ಐದು ಜೋಡಿಗಳನ್ನು ಸಾಲಾಗಿ ಬೆಸೆದಿದ್ದರು. ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6, ಜೋಡಿಗೂ ಅಷ್ಟೇ, ಸಾಲಾಗಿ ಬೆಸೆದ ಐದು ಜೋಡಿಗೆ 18. ತುಂಬ ಚಾರ್ಜ್ ಆದಾಗ ಸೆಲ್ಲಿಗೆ 4.2, ಐದಕ್ಕೆ 21. ಅಂದರೆ ಒಬ್ಬರು 18 ಎಂದು ಮಾರುವುದನ್ನೇ ಇನ್ನೊಬ್ಬರು 21 ಎಂದು ಮಾರುತ್ತಾರೆ. ನಮ್ಮ ಷಡ್ಡಕರ ಸಣ್ಣ ಚೈನ್ ಸಾದ ಬ್ಯಾಟರಿಯ ಮೇಲೆ 48 ಎಂದು ಬರೆದಿತ್ತು, ಅದನ್ನು ಬಿಚ್ಚಿದಾಗಲೂ ಒಳಗೆ ಐದೇ ಸೆಲ್ಲು ಇದ್ದವು. ನನ್ನ ಬ್ಯಾಟರಿಯ ಸೆಲ್ಲು ಬದಲಿಸಲು 3,600 ಕೊಟ್ಟೆ. ಮಷೀನು ಈಗ ಓಡುತ್ತದೆ, ಆದರೆ 15,000 ರೂಪಾಯಿ ಹಾಕಿಯೂ ಕರಿಜಾಲಿ ಇನ್ನೂ ಬದುವಿನ ಮೇಲೆಯೇ ಇದೆ.

ಹುಬ್ಬಳ್ಳಿ, ವಿದ್ಯಾನಗರ

ಗದಗಿನ ಸರ್, ಸಣ್ಣ ಮಷೀನನ್ನು ಒಣ ಕರಿಜಾಲಿಗೆ ಹಚ್ಚಿ, ಅದು ಕಾದಿತೆಂದು ಎಲ್ಲ ಬ್ಯಾಟರಿಗಳನ್ನೂ ದೂರುವುದು ಸರಿಯಲ್ಲ. ಲಿಥಿಯಂ ಬ್ಯಾಟರಿಯನ್ನು ನೆರಳಿನಲ್ಲಿ ಇಡಬೇಕು, ಕೆಲಸವಿಲ್ಲದ ತಿಂಗಳುಗಳಲ್ಲಿ ಅರ್ಧ ಚಾರ್ಜಿನಲ್ಲಿ ಎತ್ತಿಡಬೇಕು, ಪೂರ್ತಿ ಬರಿದು ಮಾಡಿ ಇಡಬಾರದು.

ಗದಗ, ಬೆಟಗೇರಿ

ಹೊಲದಲ್ಲಿ ನೆರಳು ಕೊಡುವ ಮರವೇ ಕರಿಜಾಲಿ, ಸರ್. ಮಷೀನು ಮಾರುವಾಗ ಡಬ್ಬಿಯ ಮೇಲೆ ದಪ್ಪ ದಿಮ್ಮಿಯ ಚಿತ್ರ ಹಾಕಿರುತ್ತಾರೆ, ಒಣ ಜಾಲಿಗೆ ಹಚ್ಚಬಾರದೆಂದು ಎಲ್ಲಿಯೂ ಬರೆದಿರುವುದಿಲ್ಲ. ನಿಮಗೆ 23,500 ಕೊಡುವ ಶಕ್ತಿ ಇತ್ತು, ಕೊಟ್ಟಿರಿ. ಇಲ್ಲಿ ಕೇಳಿದವರು 15,000 ಎಂದಿದ್ದಾರೆ. ಆ ಬೆಲೆಗೆ ಏನು ಸಿಗುತ್ತದೆ ಎಂಬುದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ಮಷೀನು ರಿಪೇರಿ ಮಾಡುವವನು, ರಾಣೇಬೆನ್ನೂರು

ನನ್ನ ಅಂಗಡಿಗೆ ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಷೀನು, ಚೈನ್ ಸಾ ಎಲ್ಲವೂ ಬರುತ್ತವೆ. ಹಾನಗಲ್ಲಿನ ಅಣ್ಣಾವರ ಎಣ್ಣೆಯ ಲೆಕ್ಕವನ್ನು ಎಲ್ಲರೂ ಅನುಸರಿಸುವುದು ಬೇಡ. ಒಳ್ಳೆಯ ಟು-ಟಿ ಎಣ್ಣೆಯಾದರೆ ಲೀಟರಿಗೆ 20 ಮಿಲಿಲೀಟರ್, ಅಂದರೆ ಐವತ್ತಕ್ಕೆ ಒಂದು ಪಾಲು ಸಾಕೆಂದು ಬಹಳಷ್ಟು ಕಂಪನಿಗಳ ಪುಸ್ತಕದಲ್ಲಿಯೇ ಇರುತ್ತದೆ. ಅಗ್ಗದ ಎಣ್ಣೆಯನ್ನು 40 ಹಾಕಿದರೆ ಪ್ಲಗ್ಗಿನ ಮೇಲೆ ಮಸಿ ಕಟ್ಟುತ್ತದೆ, ಸೈಲೆನ್ಸರಿನ ಜಾಳಿಗೆ ಮುಚ್ಚುತ್ತದೆ, ಆಗ ಮಷೀನಿಗೆ ಶಕ್ತಿ ಇಲ್ಲವೆಂದು ನಮ್ಮ ಬಳಿ ತರುತ್ತಾರೆ.

ಇನ್ನು ಕಾರ್ಬೊರೇಟರಿನ ಮಾತು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಾದರೆ ನೀರು ಮತ್ತು ಎಥನಾಲ್ ಕೂಡಿ ಟಾಕಿಯ ತಳಕ್ಕೆ ಇಳಿಯುತ್ತವೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ನಳಿಕೆ ಇರುವುದು ತಳದಲ್ಲಿ, ಹೀಗಾಗಿ ಅದು ಎಣ್ಣೆಯಿಲ್ಲದ ಆ ನೀರನ್ನೇ ಎಳೆಯುತ್ತದೆ. ಆದ್ದರಿಂದ ಕೆಲಸ ಮುಗಿದ ದಿನವೇ ಟಾಕಿ ಬರಿದು ಮಾಡಿ, ಮಷೀನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಇಷ್ಟನ್ನು ಮಾಡುವವರ ಮಷೀನು ನನ್ನ ಅಂಗಡಿಗೆ ಕಾರ್ಬೊರೇಟರಿಗಾಗಿ ಬಂದದ್ದನ್ನು ನಾನು ನೋಡಿಲ್ಲ. ವಿದ್ಯಾನಗರದವರ ಮಷೀನಿನಲ್ಲಿ ಹಳೆಯ ಪೆಟ್ರೋಲ್ ಅಂಟಾಗಿ ಕೂತಿತ್ತು, ಅದು ಮಷೀನಿನ ತಪ್ಪಲ್ಲ.

ಮಾವಿನ ಬೆಳೆಗಾರ, ಹಾನಗಲ್ ತಾಲ್ಲೂಕು

ರಾಣೇಬೆನ್ನೂರಿನ ಮೇಸ್ತ್ರಿಯವರೇ, ನಿಮ್ಮ ಅಂಗಡಿಗೆ ಬರುವುದು ಕೆಟ್ಟ ಮಷೀನುಗಳು ಮಾತ್ರ. ಚೆನ್ನಾಗಿ ಓಡುವ ನನ್ನ ಮಷೀನನ್ನು ನೀವು ನೋಡಿಲ್ಲ. ಪುಸ್ತಕದ 20 ಮಿಲಿಲೀಟರ್ ಹಾಕಿದ ನಮ್ಮ ಅಣ್ಣತಮ್ಮಂದಿರ ಮಷೀನು ಮೊದಲ ಬೇಸಿಗೆಯಲ್ಲಿಯೇ ಪಿಸ್ಟನ್ ಹಿಡಿದುಕೊಂಡು, ಸಿಲಿಂಡರ್ ಸೆಟ್ಟಿಗೆ 1,700 ಮತ್ತು ಕೂಲಿಗೆ 600 ಆಯಿತು. ಪ್ಲಗ್ ಒರೆಸುವುದು ಸುಲಭವೋ, ಪಿಸ್ಟನ್ ಬದಲಿಸುವುದು ಸುಲಭವೋ ನೀವೇ ಹೇಳಿರಿ.

ಮಷೀನು ರಿಪೇರಿ ಮಾಡುವವನು, ರಾಣೇಬೆನ್ನೂರು

ಯಾವ ಎಣ್ಣೆಯನ್ನು ಹಾಕಿದ್ದರು ಎಂಬುದನ್ನು ನೀವು ಹೇಳಲಿಲ್ಲ, ಅಣ್ಣಾವರೇ. ಬೈಕಿನ ಎಂಜಿನ್ ಎಣ್ಣೆಯನ್ನೇ ಪೆಟ್ರೋಲಿಗೆ ಬೆರೆಸಿ ತಂದವರನ್ನೂ ನಾನು ಕಂಡಿದ್ದೇನೆ. ಅಳತೆಯ ಮೇಲೆ ತಪ್ಪು ಹೊರಿಸುವ ಮೊದಲು ಡಬ್ಬಿಯನ್ನು ನೋಡಬೇಕು.

ಧಾರವಾಡ, ಸಪ್ತಾಪುರ

ನೀವೆಲ್ಲ ಎಣ್ಣೆ ಮತ್ತು ಸೆಲ್ಲುಗಳ ಲೆಕ್ಕದಲ್ಲಿಯೇ ಇದ್ದೀರಿ. ಅರವತ್ತೆರಡು ವರ್ಷದವರು, ಭುಜದ ನೋವಿರುವವರು ಎಂದು ಬರೆದದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ? ನಮ್ಮ ಮಾವನವರ ಎಡಗೆನ್ನೆಯ ಮೇಲೆ ಹನ್ನೊಂದು ಹೊಲಿಗೆಗಳಿವೆ. ಬಾರಿನ ತುದಿಯ ಮೇಲ್ಭಾಗ ಇನ್ನೊಂದು ಟೊಂಗೆಗೆ ತಾಗಿದೊಡನೆ ಮಷೀನು ಮುಖದ ಕಡೆಗೆ ಚಿಮ್ಮಿತು. ಆಸ್ಪತ್ರೆಗೆ 38,000 ರೂಪಾಯಿ ಕೊಟ್ಟೆವು. ಅವರ ಅಗ್ಗದ ಮಷೀನಿನಲ್ಲಿ ಮುಂದಿನ ಬ್ರೇಕಿನ ಕಾವಲು (ಮುಂದಕ್ಕೆ ತಳ್ಳಿದೊಡನೆ ಚೈನು ನಿಲ್ಲಿಸುವ ತಡೆ) ಮುರಿದಿತ್ತು, ಅದನ್ನು ಸರಿ ಮಾಡಿಸಲು 250 ರೂಪಾಯಿ ಸಾಕಾಗುತ್ತಿತ್ತು. ಬ್ಯಾಟರಿಯ ಮಷೀನು ಸದ್ದು ಮಾಡುವುದಿಲ್ಲವೆಂದು ಜನ ಅದನ್ನು ಒಂದೇ ಕೈಯಲ್ಲಿ ಹಿಡಿದು ಏಣಿ ಹತ್ತುತ್ತಾರೆ, ಅದರ ಚೈನು ಕೂಡ ಮಾಂಸವನ್ನು ಅಷ್ಟೇ ಬೇಗ ಕೊಯ್ಯುತ್ತದೆ.

ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹಿತ್ತಲಿನ ಬೇವನ್ನು ಕಡಿಯಲಿಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ಸುಬಾಬುಲ್, ನೀಲಗಿರಿಗೆ ವಿನಾಯಿತಿ ಇದೆ.

ಮಾವಿನ ಬೆಳೆಗಾರ, ಹಾನಗಲ್ ತಾಲ್ಲೂಕು

ಗಾಳಿಗೆ ಮುರಿದ ಟೊಂಗೆಗೂ ಅರ್ಜಿ ಬರೆದು ಕೂಡಬೇಕೆಂದರೆ ರೈತರು ಬದುಕುವುದು ಹೇಗೆ, ತಾಯಿ?

ಧಾರವಾಡ, ಸಪ್ತಾಪುರ

ಮುರಿದ ಟೊಂಗೆಯ ಮಾತನ್ನು ನಾನು ಆಡಲಿಲ್ಲ, ಮರ ಕಡಿಯುವ ಮಾತನ್ನು ಆಡಿದೆ. ಇಂದು ಟೊಂಗೆಗೆ ತಂದ ಮಷೀನು ನಾಳೆ ಬುಡಕ್ಕೆ ಹತ್ತುತ್ತದೆ. ನಮ್ಮ ಓಣಿಯಲ್ಲಿ ಹಾಗೆಯೇ ಎರಡು ಮರ ಹೋದವು.

ಕೇಳಿದವರು: ಧಾರವಾಡ, ಕೆಲಗೇರಿ ರಸ್ತೆ

ಎಲ್ಲರಿಗೂ ಧನ್ಯವಾದಗಳು. ಮರ ಕಡಿಯುವ ವಿಚಾರ ನಮಗಿಲ್ಲ, ಆ ಬೇವು ನಮ್ಮ ಅತ್ತೆಯವರು ನೆಟ್ಟದ್ದು. ಗೋಡೆಯ ಮೇಲೆ ಒರಗಿದ ಟೊಂಗೆಯನ್ನು ಹೇಗೆ ತೆಗೆಯಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ಮಷೀನು ರಿಪೇರಿ ಮಾಡುವವನು, ರಾಣೇಬೆನ್ನೂರು

ಅಕ್ಕಾವರೇ, ಆ ಟೊಂಗೆಯನ್ನು ಯಜಮಾನರು ಮುಟ್ಟುವುದು ಬೇಡ. ಎರಡೂ ತುದಿಗಳಿಗೆ ಆಧಾರವಿರುವ ಟೊಂಗೆ ನಡುವೆ ಬಾಗಿರುತ್ತದೆ, ಅದರ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಬಿಗಿದುಕೊಂಡಿರುತ್ತದೆ. ಮೇಲಿನಿಂದ ಒಂದೇ ಸಮನೆ ಕೊಯ್ಯುತ್ತ ಹೋದರೆ ಗರಗಸ ನಡುವೆ ಸಿಕ್ಕಿಬೀಳುತ್ತದೆ, ಯಾವ ಮಷೀನಾದರೂ ಅಷ್ಟೇ. ಮೊದಲು ಟೊಂಗೆಗೆ ಹಗ್ಗ ಹಾಕಿ ಮೇಲಿನ ಗಟ್ಟಿ ಟೊಂಗೆಗೆ ಬಿಗಿಯಬೇಕು. ಸೊಪ್ಪನ್ನೂ ಸಣ್ಣ ಕೊಂಬೆಗಳನ್ನೂ ಕೈಗರಗಸದಿಂದ ತೆಗೆದು ಭಾರ ಇಳಿಸಬೇಕು. ಆಮೇಲೆ ಮೇಲಿನಿಂದ ಮೂರನೆಯ ಒಂದು ಭಾಗ ಕೊಯ್ದು, ಉಳಿದದ್ದನ್ನು ಬದಿಗೆ ನಿಂತು ಕೆಳಗಿನಿಂದ ಕೊಯ್ಯಬೇಕು. ಸೀಳಿದ ಬುಡ ಯಾವ ಕಡೆಗೆ ತಿರುಗುತ್ತದೆಂದು ಹೇಳಲಾಗದು, ಆದ್ದರಿಂದ ಈ ಒಂದು ಕೆಲಸಕ್ಕೆ ಆ 2,400 ರೂಪಾಯಿ ಕೊಟ್ಟುಬಿಡಿರಿ. ಕಟ್ಟಿಗೆ ನಮ್ಮದೇ ಎಂದು ಮೊದಲೇ ಮಾತಾಡಿಕೊಳ್ಳಿರಿ.

ಸುಬಾಬುಲ್ ಸವರಲು, ಮಾವಿನ ಸಣ್ಣ ಟೊಂಗೆ ತೆಗೆಯಲು ಹಗ್ಗ ಎಳೆಯುವ ಮಷೀನು ಆ ಭುಜಕ್ಕೆ ಆಗದು. ಬ್ಯಾಟರಿಯದನ್ನೇ ತೆಗೆದುಕೊಳ್ಳಿರಿ. ಹತ್ತು ಇಂಚಿನ ಬಾರ್ ಸಾಕು, ಆದರೆ ಬ್ಯಾಟರಿ ಬಿಡಿಯಾಗಿ ಎಷ್ಟಕ್ಕೆ ಸಿಗುತ್ತದೆಂದು ಅಂಗಡಿಯಲ್ಲಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ, ಬ್ರೇಕಿನ ಕಾವಲನ್ನು ಮುಂದಕ್ಕೆ ತಳ್ಳಿದೊಡನೆ ಚೈನು ನಿಲ್ಲುವುದನ್ನು ಅಲ್ಲಿಯೇ ನೋಡಿರಿ. ಚೈನಿನ ಎಣ್ಣೆಯನ್ನು ಬೇರೆಯಾಗಿ ಹಾಕಬೇಕು, ಬ್ಯಾಟರಿ ಮಷೀನಿಗೆ ಎಣ್ಣೆಯೇ ಬೇಡವೆಂದು ತಿಳಿದು ಬಾರ್ ಸುಟ್ಟುಕೊಂಡು ಬರುವವರು ಬಹಳ ಜನ. ಚೈನಿಗೆ ಹೊಂದುವ ದುಂಡನೆಯ ಅರ ಒಂದನ್ನು ಮಷೀನಿನ ಜೊತೆಗೇ ಕೊಳ್ಳಿರಿ. ಕೊಯ್ಯುವಾಗ ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಬೀಳತೊಡಗಿದರೆ ಹಲ್ಲು ಮೊಂಡಾಗಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ, ಅರ ಹಾಕಿಯೇ ಮುಂದುವರಿಸಿರಿ.