ನೆರಳಿನ ಅಂಗಳಕ್ಕೆ ಫ್ಯೂಷಿಯಾ: ಬೆಳೆಸಿದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:
ನಮ್ಮ ಮನೆ ಹಿಂದೆ ಹತ್ತಡಿ ಅಗಲದ ಅಂಗಳ ಇದೆ. ಮೂರು ಕಡೆ ಗೋಡೆ, ಬೆಳಿಗ್ಗೆ ಒಂದು ಗಂಟೆ ಬಿಸಿಲು ಬಿದ್ದರೆ ಹೆಚ್ಚು. ಡಿಸೆಂಬರ್‌ನಲ್ಲಿ ಊಟಿಗೆ ಹೋದಾಗ ಎರಡು ಫ್ಯೂಷಿಯಾ ಗಿಡ ತಂದೆ. ಮೇಲೆ ಕೆಂಪು, ಒಳಗೆ ನೇರಳೆ ಲಂಗ, ಜುಮುಕಿ ಹಾಗೆ ತೂಗುತ್ತಿತ್ತು. ಫೆಬ್ರವರಿವರೆಗೂ ಹೂ ಬಿಟ್ಟಿತು. ಮಾರ್ಚ್ ಬಂದಿದ್ದೇ ತಡ, ಮೊಗ್ಗು ಉದುರಿ ಎಲೆ ಜೋತುಬಿದ್ದಿವೆ. ದಿನಾ ಎರಡು ಹೊತ್ತು ನೀರು ಹಾಕುತ್ತಿದ್ದೇನೆ. ನೆರಳಿನ ಗಿಡ ಅಂತಲೇ ಕೊಟ್ಟರು, ನೆರಳಲ್ಲೇ ಇಟ್ಟಿದ್ದೇನೆ. ಎಲ್ಲಿ ತಪ್ಪಾಯ್ತು?

ಮಡಿಕೇರಿಯಿಂದ:
ಅಕ್ಕಾ, ಮೊದಲು ಆ ಎರಡು ಹೊತ್ತಿನ ನೀರು ನಿಲ್ಲಿಸಿ. ಕುಂಡದ ಮಣ್ಣಿಗೆ ಬೆರಳು ಇಳಿಸಿ ನೋಡಿ. ಒದ್ದೆ ಇದ್ದೂ ಎಲೆ ಜೋತುಬಿದ್ದಿದ್ದರೆ ಅದು ಬಾಯಾರಿಕೆ ಅಲ್ಲ, ಸೆಕೆ. ನಾವು ಅದಕ್ಕೆ ಇನ್ನಷ್ಟು ನೀರು ಸುರಿಯುತ್ತೇವೆ, ಬೇರು ಕೊಳೆಯುತ್ತದೆ. ನಾನು ಹೀಗೇ ನಾಲ್ಕು ಗಿಡ ಕಳೆದುಕೊಂಡಿದ್ದೇನೆ. ಕಿತ್ತು ನೋಡಿದರೆ ಬೇರು ಕಂದು ಬಣ್ಣ ತಿರುಗಿ, ಹಿಸುಕಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಈಗ ಕುಂಡ ಎತ್ತಿ ನೋಡುತ್ತೇನೆ. ಹಗುರ ಇದ್ದರೆ ಮಾತ್ರ ನೀರು.

ಈ ಗಿಡ ನೆರಳು ಕೇಳುವುದೇ ತಂಪಿಗಾಗಿ. ಊಟಿ 2,240 ಮೀಟರ್ ಎತ್ತರ, ನಿಮ್ಮ ಬೆಂಗಳೂರು ಸುಮಾರು 920. ಅಲ್ಲಿ ಬಿಸಿಲಲ್ಲೂ ನಗುವ ಗಿಡ ನಿಮ್ಮಲ್ಲಿ 27-28 ಡಿಗ್ರಿ ದಾಟಿದರೆ ಮೊಗ್ಗು ಉದುರಿಸಿ ಸುಮ್ನೆ ಕೂತುಬಿಡುತ್ತದೆ. ಮೂರು ಕಡೆ ಗೋಡೆ ಅಂದಿರಲ್ಲ, ಆ ಗೋಡೆ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಗಿಡವನ್ನು ಗೋಡೆಯಿಂದ ದೂರ, ಗಾಳಿ ಆಡುವ ಜಾಗಕ್ಕೆ ತನ್ನಿ. ಹಾಗಂತ ಕತ್ತಲೆ ಮೂಲೆಗೆ ತಳ್ಳಬೇಡಿ. ಬೆಳಕಿಲ್ಲದಿದ್ದರೆ ಉದ್ದುದ್ದ ಬೆಳೆದು ಹೂವೇ ಇರುವುದಿಲ್ಲ. ನಿಂತಲ್ಲೇ ಪೇಪರ್ ಓದುವಷ್ಟು ಬೆಳಕು ಬೇಕು. ನಿಮ್ಮ ಆ ಒಂದು ಗಂಟೆಯ ಎಳೆಬಿಸಿಲು ಒಳ್ಳೆಯದೇ.

ಇನ್ನೊಂದು. ಹೂ ಬರುವುದು ಹೊಸ ಚಿಗುರಲ್ಲಿ. ಮಳೆ ಶುರುವಾಗಿ ತಂಪಾದ ಮೇಲೆ ಗಿಡ ಅರ್ಧಕ್ಕೆ ಕತ್ತರಿಸಿ. ಹೊಸ ರೆಂಬೆಯಲ್ಲಿ ಮೂರು ಜೊತೆ ಎಲೆ ಬಂದಾಗ ತುದಿ ಚಿವುಟಿ, ಒಂದು ಎರಡಾಗುತ್ತದೆ. ಚಿವುಟಿದ ಮೇಲೆ ಆರರಿಂದ ಎಂಟು ವಾರಕ್ಕೆ ಹೂ. ಹೂ ಬಿದ್ದ ಜಾಗದಲ್ಲಿ ಸಣ್ಣ ಕಪ್ಪು ಹಣ್ಣು ಕೂರುತ್ತದೆ, ಅದನ್ನೂ ಕಿತ್ತುಬಿಡಿ. ತಿನ್ನಲೂಬಹುದು, ನಮ್ಮ ಮಕ್ಕಳು ತಿನ್ನುತ್ತಾರೆ. ಹಣ್ಣು ಕಟ್ಟಲು ಬಿಟ್ಟರೆ ಹೂ ಕಮ್ಮಿ.

ನಮ್ಮಲ್ಲಿ ತೊಂದರೆ ಜೋರು ಮಳೆಯಲ್ಲಿ. ಎಲೆ ಅಡಿಯಲ್ಲಿ ಕಿತ್ತಳೆ ಪುಡಿ ಕೂರುತ್ತದೆ, ತುಕ್ಕು ರೋಗ. ಅಂಥ ಎಲೆ ಕಿತ್ತು ಸುಟ್ಟು, ಕುಂಡಗಳನ್ನು ಜಗಲಿಯ ಸೂರಿನಡಿಗೆ ತೂಗುಹಾಕುತ್ತೇನೆ. ಸೂರಕ್ಕಿ ಅಲ್ಲಿಗೂ ಬರುತ್ತದೆ. ಕಡ್ಡಿಗೆ ಜೋತುಬಿದ್ದು ಹೂವಿನ ಬುಡಕ್ಕೆ ಕೊಕ್ಕು ತೂರಿಸುವುದನ್ನು ನೋಡುತ್ತಾ ಎಷ್ಟೋ ಸಲ ನನ್ನ ಕಾಫಿ ಆರಿಹೋಗಿದೆ.

ಬೆಂಗಳೂರಿನಿಂದಲೇ ಇನ್ನೊಬ್ಬರು:
ಮೇಡಂ, ನಮ್ಮೂರಿಗೆ ಟ್ರಿಫಿಲ್ಲಾ ಜಾತಿ ಹುಡುಕಿ. ಉದ್ದ ಕೊಳವೆಯ ಕಿತ್ತಳೆ-ಕೆಂಪು ಹೂ ಗೊಂಚಲು, ಎಲೆಯಲ್ಲಿ ಕಪ್ಪು-ನೇರಳೆ ಛಾಯೆ. ಯುರೋಪಿನವರು ಮೊದಲು ಕಂಡ ಫ್ಯೂಷಿಯಾ ಇದೇ. ಪ್ಲುಮಿಯೆ ಎಂಬ ಫ್ರೆಂಚ್ ಪಾದ್ರಿ ಕೆರಿಬಿಯನ್ ದ್ವೀಪದಲ್ಲಿ ಕಂಡು, ಫುಕ್ಸ್ ಎಂಬ ಜರ್ಮನ್ ವೈದ್ಯರ ಹೆಸರಿಟ್ಟು, 1703ರಲ್ಲಿ ಪ್ರಕಟಿಸಿದರು. ಬೇರೆ ಜಾತಿಗಳಿಗಿಂತ ಸೆಕೆ ಚೆನ್ನಾಗಿ ತಡೆಯುತ್ತದೆ. ನನ್ನ ಹತ್ತಿರ ಅದರದೇ ತಳಿ 'ಗಾರ್ಟನ್‌ಮೈಸ್ಟರ್ ಬೋನ್‌ಸ್ಟೆಟ್' ಇದೆ, ಏಪ್ರಿಲ್‌ನಲ್ಲೂ ನಾಲ್ಕು ಹೂ ಇರುತ್ತವೆ. ಮಣ್ಣಿಗೆ ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ. ಬರೀ ಕೋಕೋಪೀಟ್ ಬೇಡ, ಮೇಲೆ ಒಣಗಿ ಕೆಳಗೆ ನೀರು ಹಿಡಿದಿಟ್ಟು ಮೋಸ ಮಾಡುತ್ತದೆ. ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ ತಗೊಳ್ಳಿ, ಬೇರು ತಂಪಾಗಿರುತ್ತದೆ. ಬೇಸಿಗೆಯಲ್ಲಿ ನಾನು ಕುಂಡಕ್ಕೆ ಒದ್ದೆ ಗೋಣಿಚೀಲ ಸುತ್ತುತ್ತೇನೆ.

ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಿಂದ:
ನಮ್ಮ ಮನೆಗೆ ಬೇಸಿಗೆಯಲ್ಲೂ ಸಮುದ್ರದ ಮಂಜು ಬರುತ್ತದೆ, ಫ್ಯೂಷಿಯಾಗೆ ಹೇಳಿ ಮಾಡಿಸಿದ ಹವೆ. ಆದರೆ 1981ರಲ್ಲಿ ಇಲ್ಲಿ ಗಾಲ್ ಮೈಟ್ ಎಂಬ ನುಸಿ ಕಾಣಿಸಿಕೊಂಡಿತು, ಮೂಲ ಬ್ರೆಜಿಲ್. ಕಣ್ಣಿಗೆ ಕಾಣದಷ್ಟು ಸಣ್ಣದು. ತುದಿ ಚಿಗುರು ಕೆಂಪಗೆ ದಪ್ಪ ಊದಿ ಗಂಟುಗಂಟಾಗಿ ಮುದುಡುತ್ತದೆ. ನನ್ನ ಗಿಡ ಹಾಗಾದಾಗ ಗೊಬ್ಬರ ಜಾಸ್ತಿಯಾಯ್ತೇನೋ ಅಂದುಕೊಂಡು ಎರಡು ತಿಂಗಳು ಸುಮ್ಮನಿದ್ದೆ, ಅಷ್ಟರಲ್ಲಿ ಎಲ್ಲ ಕುಂಡಕ್ಕೂ ಹರಡಿತ್ತು. ಈಗ ನುಸಿಗೆ ಜಗ್ಗದ ಬೊಲಿವಿಯಾನಾ, ಥೈಮಿಫೋಲಿಯಾ ಜಾತಿಗಳನ್ನಷ್ಟೇ ಇಟ್ಟಿದ್ದೇನೆ. ಇಲ್ಲಿಗೆ ಮಕ್ಕಳ ಮನೆಗೆ ಬರುವವರಲ್ಲಿ ಒಂದು ಬೇಡಿಕೆ. ಎಷ್ಟೇ ಚೆನ್ನಾಗಿದ್ದರೂ ಕಡ್ಡಿ ಮುರಿದು ಬ್ಯಾಗಿನಲ್ಲಿ ಊರಿಗೆ ಒಯ್ಯಬೇಡಿ.

ಐರ್ಲೆಂಡಿನಿಂದ:
ಕೆರ್ರಿ, ಕಾರ್ಕ್ ಕಡೆ ರಸ್ತೆ ಬದಿಯ ಬೇಲಿಯೇ ಫ್ಯೂಷಿಯಾ. ದಕ್ಷಿಣ ಅಮೆರಿಕದ ಗಿಡ ಇಲ್ಲಿನದೇ ಆಗಿಬಿಟ್ಟಿದೆ. ಐರಿಷ್‌ನಲ್ಲಿ ಇದಕ್ಕೆ 'ದೇವರ ಕಣ್ಣೀರು' ಅಂತ ಹೆಸರು. ಮಳೆ ನಿಂತ ಮೇಲೆ ಪ್ರತಿ ಹೂವಿನ ತುದಿಯಲ್ಲೂ ಒಂದೊಂದು ಹನಿ ನಿಂತಿರುತ್ತದೆ.

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಕಿತ್ತು ನೋಡಿದೆ. ಒಂದರ ಬೇರು ಪೂರ್ತಿ ಕಂದು. ಇನ್ನೊಂದರಲ್ಲಿ ಬಿಳಿ ಬೇರು ಇನ್ನೂ ಇವೆ, ಮಣ್ಣಿನ ಕುಂಡಕ್ಕೆ ಹಾಕಿ ಗೋಡೆಯಿಂದ ಈಚೆ ತಂದಿದ್ದೇನೆ.

ಮಡಿಕೇರಿಯಿಂದ:
ಅದು ಬದುಕುತ್ತದೆ ಅಕ್ಕಾ. ಜೂನ್‌ನಲ್ಲಿ ಈ ಕಡೆ ಬಂದರೆ ಹೇಳಿ. ಹೂ ಇಲ್ಲದ ತುದಿ, ನಾಲ್ಕಿಂಚಿನ ಕಡ್ಡಿ ಕತ್ತರಿಸಿ ಕೊಡುತ್ತೇನೆ. ಮರಳು-ಕೋಕೋಪೀಟ್‌ನಲ್ಲಿ ನೆಟ್ಟರೆ ಮೂರು ವಾರದಲ್ಲಿ ಬೇರು ಬಿಡುತ್ತದೆ.