ಅಪ್‌ಡೇಟ್: ನಗದು ನೆರವು ಒಂದೇ ಗಂಟಾಗಿಯೋ, ತಿಂಗಳ ಕಂತಾಗಿಯೋ?

ಹಳ್ಳಿಯ ಬಡ ಕುಟುಂಬಕ್ಕೆ ಹಣ ಒಟ್ಟಿಗೆ ಸಿಗಬೇಕೋ, ತಿಂಗಳು ತಿಂಗಳು ಸಿಗಬೇಕೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಹೆಚ್ಚು ನೆರವಾದದ್ದು ಕೀನ್ಯಾದ ಅನುಭವ. 2011ರಿಂದ 2013ರ ನಡುವೆ ರಾರಿಯೆಡಾ ಭಾಗದಲ್ಲಿ ಬಡವರಿಗೆ ನೇರವಾಗಿ ಹಣ ಕೊಡುವ ಗಿವ್‌ಡೈರೆಕ್ಟ್ಲಿ ಸಂಸ್ಥೆ, ಮೊಬೈಲಿಗೇ ಹಣ ಕಳಿಸುವ ಎಂ-ಪೆಸಾ ಸೇವೆಯ ಮೂಲಕ ಹಣ ಕಳಿಸಿತ್ತು. ಕಂತಿನಲ್ಲಿ ಪಡೆದವರಲ್ಲಿ ಊಟದ ಕೊರತೆ ಹೆಚ್ಚು ತಗ್ಗಿತು. ಒಟ್ಟಿಗೆ ಪಡೆದವರು ಬಾಳಿಕೆ ಬರುವ ವಸ್ತುಗಳಿಗೆ ಹೆಚ್ಚು ಹಾಕಿದರು. ಕುಡಿತ, ತಂಬಾಕಿನ ಖರ್ಚು ಏರಲಿಲ್ಲ. ಈ ಅನುಮಾನ ಇನ್ನಾದರೂ ನಿಲ್ಲಬೇಕು!

ಹಲವರು ಹುಲ್ಲಿನ ಸೂರು ತೆಗೆದು ತಗಡು ಹಾಕಿಸಿದ್ದು ನನಗೆ ಮೊದಲು ದುಂದೆನಿಸಿತ್ತು. ಆದರೆ ಹುಲ್ಲನ್ನು ಮತ್ತೆ ಮತ್ತೆ ಹೊದಿಸುವ ಖರ್ಚು ನಿಲ್ಲುತ್ತದೆ, ಸೋರದ ಮನೆಯಲ್ಲಿ ಕಾಳು ಕೆಡುವುದಿಲ್ಲ. ಅದೂ ಹೂಡಿಕೆಯೇ.

ಎಡವುವುದು ಹಸು ಕೊಳ್ಳುವಾಗ. ಇಡೀ ಹಣ ಹಸುವಿಗೇ ಹೋದರೆ ಮೇವಿಗೆ, ಔಷಧಿಗೆ ಕೈ ಖಾಲಿ. ಹಾಲು ಬತ್ತಿದ ತಿಂಗಳುಗಳಲ್ಲಿ ಹಸುವನ್ನೇ ಕಡಿಮೆ ಬೆಲೆಗೆ ಮಾರಬೇಕಾಗುತ್ತದೆ. ಆ ತಿಂಗಳುಗಳ ಮೇವಿನ ಹಣ ಮೊದಲೇ ತೆಗೆದಿಡಬೇಕು. ಬಡ್ಡಿ ಸಾಲವಿದ್ದರೆ ಅದನ್ನು ತೀರಿಸುವುದು ಹಸುವಿಗಿಂತಲೂ ಮುಂಚೆ.

ಇನ್ನೊಂದು: ಹಣ ಬರುವ ಮೊಬೈಲಿನ ಸಿಮ್ ಬೇರೆಯವರ ಹೆಸರಿನಲ್ಲಿದ್ದರೆ ಹಣದ ಹಿಡಿತವೂ ಅವರದೇ. ನೆರವಿಗೆ ಹೆಸರು ನೋಂದಾಯಿಸುವ ಮುನ್ನವೇ ಸರಿಪಡಿಸಿಕೊಳ್ಳಿ.